ಊರಲ್ಲಿ ಡ್ರೋನ್ ಹಾರಿಸೋ ಮುಂಚೆ: ಜನರ ಜೊತೆ ಹೇಗೆ ನಡೆದುಕೊಳ್ಳಬೇಕು

ಹುನಗುಂದ ತಾಲೂಕಿನ ಒಂದು ಹೊಲ. ತೊಗರಿ ಹೂವಿಗೆ ಬಂದಿತ್ತು. ಕಾಯಿಕೊರಕದ ಹುಳಕ್ಕೆ ಎಣ್ಣೆ ಹೊಡೆಯಬೇಕಿತ್ತು. ಬದುವಿನ ಮೇಲೆ ಬನ್ನಿ ಗಿಡದ ನೆರಳಲ್ಲಿ ಟ್ಯಾಬ್ ಹಿಡಿದು ನಾನು ನಿಂತಿದ್ದೆ, ಡ್ರೋನ್ ತನ್ನಷ್ಟಕ್ಕೆ ಸಾಲು ಹಿಡಿದು ಹೋಗಿ ಬರುತ್ತಿತ್ತು. ಪಕ್ಕದ ಉಳ್ಳಾಗಡ್ಡಿ ಹೊಲದಲ್ಲಿ ಒಬ್ಬ ಅಜ್ಜಿ ಕಸ ತೆಗೆಯುತ್ತಿದ್ದರು. ಈ ಯಂತ್ರ ಪ್ರತಿ ಸಾಲಿನ ತುದಿಗೆ ಬಂದಾಗ ಒಂದೆರಡು ಸೆಕೆಂಡ್ ಗಾಳಿಯಲ್ಲೇ ನಿಲ್ಲುತ್ತದೆ, ಆಮೇಲೆ ಪಕ್ಕದ ಸಾಲಿಗೆ ಸರಿಯುತ್ತದೆ. ಅದು ನಿಲ್ಲುತ್ತಿದ್ದ ಜಾಗ ಸರಿಯಾಗಿ ಅಜ್ಜಿಯ ಎದುರಿಗೆ. ಮೊದಲ ಸಲ ಅವರು ತಲೆ ಎತ್ತಿ ನೋಡಿದರು. ಎರಡನೇ ಸಲ ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ಮೂರನೇ ಸಲ ಕುರ್ಪಿ ಕೈಯಲ್ಲೇ ಹಿಡಿದು ಎದ್ದು ನಿಂತರು.

"ಯಾರದೈತಿ ಇದು? ನನ್ನ ಕಡೀನ ಯಾಕ ನೋಡಾಕತ್ತೈತಿ?"

ಡ್ರೋನಿಗೇ ಕೇಳುತ್ತಿದ್ದರು. ಯಾಕಂದ್ರೆ ನೆರಳಲ್ಲಿದ್ದ ನಾನು ಅವರಿಗೆ ಕಂಡಿರಲೇ ಇಲ್ಲ. ನಾನು ಓಡಿ ಹೋಗಿ, "ನಂದ ರೀ ಅವ್ವಾ, ತೊಗರಿಗೆ ಎಣ್ಣಿ ಹೊಡಿಯಾಕತ್ತೀವಿ, ನಿಮ್ಮನ್ನ ನೋಡಾಕತ್ತಿಲ್ಲ" ಅಂದೆ. "ಹಂಗಂದ್ರ ಮೊದಲ ಹೇಳಬಾರದೇನ ತಮ್ಮಾ" ಅಂದು ಅವರು ಮತ್ತೆ ಕೂತರು. ಆದರೆ ಅವತ್ತು ಪೂರ್ತಿ ಸೆರಗು ಇಳಿಸಲಿಲ್ಲ.

ಅವತ್ತಿಂದ ನಾನು ಈ ವಿಷಯ ಗಂಭೀರವಾಗಿ ತಗೊಂಡೆ. ಡ್ರೋನ್ ಹಾರಿಸೋದು ಕಲಿಸುವವರು ಬಹಳ ಜನ ಇದ್ದಾರೆ. ಅದನ್ನು ಜನರ ನಡುವೆ ಹೇಗೆ ಹಾರಿಸಬೇಕು ಅಂತ ಹೇಳುವವರು ಕಡಿಮೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಈಗ ಎಣ್ಣೆ ಹೊಡೆಯೋ ಡ್ರೋನ್, ಮದುವೆ ಡ್ರೋನ್, ಹಿಂದೆಯೇ ಬಂದು ವಿಡಿಯೋ ಮಾಡೋ ಡ್ರೋನ್ ಎಲ್ಲಾ ಬಂದಿವೆ. ಹಾಗಾಗಿ ನನಗೆ ಗೊತ್ತಿರುವಷ್ಟನ್ನು ಬರೆಯುತ್ತಿದ್ದೇನೆ.

ಜನ ಕೇಳೋದು ಎರಡೇ ಪ್ರಶ್ನೆ

ಇದು ಯಾರದು? ಇಲ್ಲಿಗೆ ಯಾಕೆ ಬಂದಿದೆ? ಇಷ್ಟೇ. ಟ್ರ್ಯಾಕ್ಟರ್ ಬಂದರೆ ಸೀಟಿನ ಮೇಲೆ ಡ್ರೈವರ್ ಕಾಣುತ್ತಾನೆ. ಅವನ ಮುಖ ನೋಡಿದರೆ ಇಂಥವರ ಮಗ ಅಂತ ಗೊತ್ತಾಗುತ್ತದೆ. ಡ್ರೋನಿಗೆ ಮುಖ ಇಲ್ಲ, ಡ್ರೈವರ್ ಇಲ್ಲ. ಅದರಲ್ಲೂ ಆಪ್‌ನಲ್ಲಿ ದಾರಿ ಹಾಕಿಕೊಟ್ಟ ಮೇಲೆ ತಾನೇ ಹೋಗಿ, ತಾನೇ ತಿರುಗಿ, ಟ್ಯಾಂಕ್ ಖಾಲಿಯಾದರೆ ತಾನೇ ವಾಪಸ್ ಬರುವ ಯಂತ್ರ ನೋಡಿದವರಿಗೆ ಅದಕ್ಕೇ ಒಂದು ಮನಸ್ಸು ಇದ್ದಂತೆ ಕಾಣುತ್ತದೆ. ನಿಂತರೆ ನೋಡುತ್ತಿದೆ ಅನಿಸುತ್ತದೆ. ತಿರುಗಿದರೆ ಬೆನ್ನು ಹತ್ತಿತು ಅನಿಸುತ್ತದೆ. ಹಾಗೆ ಅನಿಸೋದು ಹಳ್ಳಿಯವರ ದಡ್ಡತನ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 2015ರಲ್ಲಿ ನಡೆದ ಅಧ್ಯಯನದಲ್ಲೂ ಜನ ಡ್ರೋನನ್ನು ಮನುಷ್ಯರನ್ನೋ ಸಾಕಿದ ಪ್ರಾಣಿಯನ್ನೋ ಕರೆಯುವ ಹಾಗೆ ಕೈ ಬೀಸಿ ಕರೆದರು. ಓದಿದವರೂ ಅದರ ಜೊತೆ ಒಂದು ಜೀವದ ಜೊತೆ ನಡೆದುಕೊಂಡಂತೆಯೇ ನಡೆದುಕೊಳ್ಳುತ್ತಾರೆ.

ಆದ್ದರಿಂದ ನಿಮ್ಮ ಅರ್ಧ ಕೆಲಸ ಹಾರಿಸುವ ಮುಂಚೆಯೇ ಮುಗಿದಿರಬೇಕು.

ಹಿಂದಿನ ದಿನ ಸಂಜೆ

ಊರಿಗೆ ಹೋಗಿ. ಸಂಜೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ನಾಲ್ಕು ಹಿರಿಯರು ಕೂತಿರುತ್ತಾರೆ. ಅವರಿಗೆ ನಿಮ್ಮ ಹೆಸರು, ನಿಮ್ಮ ಊರು, ಯಾರ ಹೊಲಕ್ಕೆ ಬಂದಿದ್ದೀರಿ, ಎಷ್ಟು ಹೊತ್ತಿಗೆ ಶುರು, ಯಾವ ಎಣ್ಣೆ, ಎಲ್ಲಾ ಹೇಳಿ. ಡ್ರೋನ್ ಗಾಡಿಯಲ್ಲಿದ್ದರೆ ಇಳಿಸಿ ತೋರಿಸಿ. ಕ್ಯಾಮೆರಾ ಎಲ್ಲಿದೆ, ಅದು ಎತ್ತ ನೋಡುತ್ತದೆ ಅಂತ ಬೆರಳಿಟ್ಟು ತೋರಿಸಿ. ಎಣ್ಣೆ ಹೊಡೆಯೋ ಡ್ರೋನಿನ ಕ್ಯಾಮೆರಾ ದಾರಿ ನೋಡೋಕೆ ಇರೋದು ಅಂತ ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಟ್ಯಾಬ್‌ನಲ್ಲಿ ಏನು ಕಾಣುತ್ತದೆ ಅಂತ ಅವರ ಕೈಗೇ ಕೊಟ್ಟು ನೋಡಲು ಬಿಡಿ.

ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಶುರುವಾಯಿತು, ಮೊದಲು ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಊರಿನ ಮನೆ ಜಾಗಗಳನ್ನು ಡ್ರೋನ್ ಬಳಸಿ ಅಳೆದು ಹಕ್ಕಿನ ಕಾಗದ ಕೊಡುವ ಯೋಜನೆ ಅದು. ಅದರಲ್ಲಿ ಡ್ರೋನ್ ಹಾರುವ ಮುಂಚೆ ಗ್ರಾಮಸಭೆ ಮಾಡಿ ಹೇಳಬೇಕು, ಆಮೇಲೆ ಮನೆಯವರ ಎದುರಿಗೇ ಜಾಗದ ಗಡಿಗೆ ಸುಣ್ಣದ ಗೆರೆ ಹಾಕಬೇಕು. ಈ ಸುಣ್ಣದ ಗೆರೆ ನನಗೆ ಬಹಳ ಇಷ್ಟ. ತನ್ನ ಅಂಗಳದ ಗಡಿಯನ್ನು ತಾನೇ ನಿಂತು ತೋರಿಸಿದವನಿಗೆ ಮೇಲೆ ಹಾರುವ ಡ್ರೋನಿನ ಭಯ ಇರಲ್ಲ. ಅದು ತನ್ನ ಕೆಲಸಕ್ಕೇ ಬಂದಿದೆ ಅಂತ ಅವನಿಗೆ ಗೊತ್ತು. ಆಫ್ರಿಕಾದ ಮಲಾವಿಯಲ್ಲೂ ಹೀಗೇ ಮಾಡಿದರು. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ 2017ರಲ್ಲಿ ಕಸುಂಗು ಎಂಬಲ್ಲಿ ಡ್ರೋನ್ ಪರೀಕ್ಷೆಗೆ ಅಂತಲೇ ಒಂದು ಪ್ರದೇಶ ತೆರೆದಾಗ, ಸುತ್ತಲಿನ ಹಳ್ಳಿಗಳಿಗೆ ಹೋಗಿ ಜನರಿಗೆ ಡ್ರೋನ್ ತೋರಿಸಿ ವಿವರಿಸಿದರು.

ಹೊಲದ ಕೆಲಸದಲ್ಲಿ ನೀವೂ ಒಂದು ಗೆರೆ ಹಾಕಬಹುದು. ಹೊಲದ ಮಾಲೀಕರು ಮತ್ತು ಪಕ್ಕದ ಹೊಲದವರು ಇಬ್ಬರನ್ನೂ ಕರೆದುಕೊಂಡು ಬದುವಿನಗುಂಟ ಒಂದು ಸುತ್ತು ನಡೆಯಿರಿ. ಡ್ರೋನ್ ಎಲ್ಲಿ ತಿರುಗುತ್ತದೆ, ಎಲ್ಲಿವರೆಗೆ ಬರುತ್ತದೆ, ಎಲ್ಲಿ ಬರಲ್ಲ ಅಂತ ಆ ನಡಿಗೆಯಲ್ಲೇ ಹೇಳಿಬಿಡಿ.

ಇನ್ನೊಂದು ಮಾತು ಇದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಎಲ್ಲಕ್ಕಿಂತ ಜಾಸ್ತಿ ಜಗಳ ಆಗೋದು ಇದಕ್ಕೇ. ಎಣ್ಣೆ ಹೊಡೆಯಲು ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಒಳ್ಳೇದು. ಇವತ್ತಿಗೂ ಕೆಲವು ಕಡೆ ಹೆಣ್ಣುಮಕ್ಕಳು ಬಯಲಿಗೆ ಹೋಗುವ ಹೊತ್ತೂ ಅದೇ. ಕತ್ತಲು ಹರಿಯುವ ಹೊತ್ತಿಗೆ ತಲೆ ಮೇಲೆ ಗುಂಯ್ ಅಂತ ಕ್ಯಾಮೆರಾ ಇರುವ ಯಂತ್ರ ಬಂದರೆ ಅವರ ಪಾಡೇನು ಯೋಚಿಸಿ. ಅದಕ್ಕೇ ಯಾವ ಹೊಲ, ಎಷ್ಟು ಗಂಟೆ ಅನ್ನೋದು ಹಿಂದಿನ ರಾತ್ರಿಯೇ ಮನೆಮನೆಯ ಹೆಣ್ಣುಮಕ್ಕಳಿಗೆ ಮುಟ್ಟಬೇಕು. ಗಂಡಸರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಅವರಿಗೆ ಮುಟ್ಟಲ್ಲ. ಸ್ವಸಹಾಯ ಸಂಘದ ಅಕ್ಕಂದಿರಿಗೆ ಹೇಳಿ, ಆಶಾ ಕಾರ್ಯಕರ್ತೆಗೆ ಹೇಳಿ. ಅಥವಾ ಪಂಚಾಯಿತಿಯವರನ್ನು ಕೇಳಿ ಡಂಗುರ ಸಾರಿಸಿ. ಆಮೇಲೆ ಹೇಳಿದ ಟೈಮಿಗಿಂತ ಒಂದು ನಿಮಿಷ ಮುಂಚೆಯೂ ಎಬ್ಬಿಸಬೇಡಿ.

ಹತ್ತಿರದಲ್ಲಿ ಡ್ರೋನ್ ದೀದಿ, ಅಂದರೆ ಡ್ರೋನ್ ಹಾರಿಸಲು ಕಲಿತ ಸ್ವಸಹಾಯ ಸಂಘದ ಅಕ್ಕ, ಇದ್ದರೆ ಅವರಿಂದಲೇ ಹಾರಿಸಿ ಅನ್ನೋದು ನನ್ನ ಖಡಾಖಂಡಿತ ಸಲಹೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟಿದ್ದರು. ಬೆಲೆಯ 80 ಪರ್ಸೆಂಟ್, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ ಅಂತ ಇತ್ತು. ರಿಮೋಟ್ ಹಿಡಿದವಳು ಪಕ್ಕದ ಊರಿನ ಸೊಸೆ ಅಂತ ಗೊತ್ತಾದರೆ ಹೊಲದಲ್ಲಿರುವ ಹೆಣ್ಣುಮಕ್ಕಳು ಸೆರಗು ಎಳೆದುಕೊಳ್ಳಲ್ಲ. ಹತ್ತಿರ ಬಂದು, "ಎಷ್ಟ ದಿನ ಕಲ್ತಿಯವ್ವಾ?" ಅಂತ ಕೇಳುತ್ತಾರೆ.

ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದು ನ್ಯಾನೋ, 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್. 10 ಲೀಟರ್ ಟ್ಯಾಂಕಿನ ಡ್ರೋನ್ ಸಾಮಾನ್ಯವಾಗಿ ಸ್ಮಾಲ್ ವರ್ಗಕ್ಕೆ ಬರುತ್ತದೆ, ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಕೇ ಬೇಕು. ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ ಅದು. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಬೆಳಗಾವಿ ಸುತ್ತಮುತ್ತ ಇರುವವರು ಇದನ್ನು ಎರಡು ಸಲ ನೋಡಿ, ಯಾಕಂದ್ರೆ ಸಾಂಬ್ರಾದಲ್ಲಿ ವಿಮಾನ ನಿಲ್ದಾಣವೂ ವಾಯುಪಡೆಯ ತರಬೇತಿ ಶಾಲೆಯೂ ಇವೆ, ಊರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇದೆ. ಗೋಲಗುಮ್ಮಟ, ಬಾದಾಮಿ, ಪಟ್ಟದಕಲ್ಲು ಇಂಥ ಕಡೆ ಪುರಾತತ್ವ ಇಲಾಖೆ ಅನುಮತಿ ಇಲ್ಲದೆ ಚೀಲದಿಂದ ಹೊರಗೇ ತೆಗೆಯಬೇಡಿ. ಆಲಮಟ್ಟಿ ಅಣೆಕಟ್ಟಿನ ಹತ್ತಿರವೂ ಹಾಗೇ. ಸರ್ಟಿಫಿಕೇಟ್, ನೋಂದಣಿ ನಂಬರ್ ಎರಡನ್ನೂ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಜನರಿಗೆ ಮೊಬೈಲ್‌ನಲ್ಲಿ ತೋರಿಸೋದಕ್ಕಿಂತ ಕಾಗದ ಕೈಗೆ ಕೊಟ್ಟರೆ ನಂಬಿಕೆ ಬರುತ್ತದೆ.

ಮೊದಲು ನೀವು ಕಾಣಬೇಕು

ನಾನು ನೆರಳಲ್ಲಿ ನಿಂತಿದ್ದೇ ತಪ್ಪು. ಈಗ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಬಿಸಿಲಲ್ಲೇ, ಎತ್ತರದ ಬದುವಿನ ಮೇಲೆ ನಿಲ್ಲುತ್ತೇನೆ. ಯಾರಾದರೂ ಡ್ರೋನ್ ನೋಡಿ ಆಮೇಲೆ ಸುತ್ತ ನೋಡಿದರೆ ನಾನು ಕಾಣಬೇಕು. ಕಂಡ ತಕ್ಷಣ ಕೈ ಎತ್ತುತ್ತೇನೆ. ಅಷ್ಟಕ್ಕೇ ಬಹಳ ಜನ ಸುಮ್ಮನಾಗಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಜೊತೆಗೆ ಒಬ್ಬ ಇರಲೇಬೇಕು. ನೀವು ಡ್ರೋನ್ ನೋಡುವಾಗ ಬರುವವರ ಜೊತೆ ಅವನು ಮಾತಾಡಬೇಕು. ಅವನು ಆ ಊರಿನವನೇ ಆಗಿದ್ದರೆ ಇನ್ನೂ ಒಳ್ಳೇದು. ಬೆಳಗಾವಿಯ ಗಡಿ ಹಳ್ಳಿಗಳಲ್ಲಿ ಮರಾಠಿ, ವಿಜಯಪುರದ ಓಣಿಗಳಲ್ಲಿ ಉರ್ದು ಬರುವವನಿದ್ದರೆ ಅರ್ಧ ಜಗಳ ಶುರುವೇ ಆಗಲ್ಲ.

ಡ್ರೋನ್ ಹೇಗೆ ನಡೆದುಕೊಳ್ಳಬೇಕು

ಇದು ಆಪ್‌ನಲ್ಲಿ ನೀವು ಹಾಕುವ ಸೆಟ್ಟಿಂಗ್‌ಗೆ ಸೇರಿದ ವಿಷಯ, ಆದರೆ ಜನರ ಕಣ್ಣಿಗೆ ಇದೇ ಡ್ರೋನಿನ ಗುಣ.

ಸಾಲುಗಳ ದಿಕ್ಕು ಬದಲಿಸಿ. ಪಕ್ಕದ ಹೊಲದಲ್ಲಿ ಜನ ಇದ್ದರೆ ಡ್ರೋನ್ ಅವರ ಎದುರಿಗೆ ಬಂದು ತಿರುಗದಂತೆ, ಅವರಿಗೆ ಅಡ್ಡವಾಗಿ ಹೋಗಿ ಬರುವಂತೆ ದಾರಿ ಹಾಕಿ. ಎರಡು ನಿಮಿಷದ ಕೆಲಸ. ಅಜ್ಜಿಯ ಎದುರಿಗೆ ಆಗಿದ್ದು ಇಷ್ಟರಿಂದಲೇ ತಪ್ಪುತ್ತಿತ್ತು.

ಯಾರ ತಲೆ ಮೇಲೂ ನಿಲ್ಲಿಸಬೇಡಿ. ದಾಟೋದು ಬೇರೆ, ನಿಲ್ಲೋದು ಬೇರೆ. ಬ್ಯಾಟರಿ ಕಡಿಮೆಯಾಗಿಯೋ ಸಿಗ್ನಲ್ ಹೋಗಿಯೋ ಅದು ತಾನೇ ವಾಪಸ್ ಬರುವಾಗ ಮೇಲಕ್ಕೇರಿ ನೇರ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಯಾರ ಮನೆ ಇದೆ, ಕರೆಂಟ್ ತಂತಿ ಇದೆಯಾ, ಎತ್ತರದ ಬೇವಿನ ಮರ ಇದೆಯಾ ಅಂತ ಮೊದಲೇ ನೋಡಿ ಎತ್ತರ ಸೆಟ್ ಮಾಡಿ. ಮತ್ತೆ ಜನರಿಗೂ ಹೇಳಿ: "ಇದು ಒಮ್ಮೊಮ್ಮೆ ತಾನ ಎದ್ದು ಬರತೈತಿ, ಕೈ ತಪ್ಪೇತಿ ಅಂತ ಅಂಜಬ್ಯಾಡ್ರಿ." ಹೇಳದೇ ಇದ್ದರೆ ಅದು ಅರ್ಧದಲ್ಲಿ ಕೆಲಸ ಬಿಟ್ಟು ಏರಿದ ತಕ್ಷಣ ಓಡಾಟ ಶುರುವಾಗುತ್ತದೆ.

ಸದ್ದಿನ ವಿಷಯಕ್ಕೆ ಬರೋಣ. ಅಮೆರಿಕದ ನಾಸಾ ಸಂಸ್ಥೆಯವರು 2017ರಲ್ಲಿ ಜನರಿಗೆ ಡ್ರೋನ್ ಸದ್ದು, ರಸ್ತೆಯ ವಾಹನಗಳ ಸದ್ದು ಎರಡೂ ಕೇಳಿಸಿ ನೋಡಿದರು. ಅಷ್ಟೇ ಜೋರಿದ್ದರೂ ಡ್ರೋನಿನ ಸದ್ದೇ ಜಾಸ್ತಿ ಕಿರಿಕಿರಿ ಅನಿಸಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ಬಾನಿಥನ್ ಎಂಬಲ್ಲಿ 2018ರಲ್ಲಿ ಮನೆಮನೆಗೆ ತಿಂಡಿ, ಔಷಧಿ ತಲುಪಿಸುವ ಡ್ರೋನ್ ಶುರುವಾದಾಗ ಅಲ್ಲಿನವರು ಸದ್ದಿನ ವಿರುದ್ಧವೇ ಗುಂಪು ಕಟ್ಟಿದರು. ಉಪಯೋಗ ಇದ್ದರೂ ಸದ್ದು ಸಹಿಸಲಾಗಲಿಲ್ಲ. ಹಾಗಿರುವಾಗ ನಮ್ಮ ಊರಲ್ಲಿ ಶಾಲೆ ನಡೆಯುವ ಹೊತ್ತಿಗೆ ಶಾಲೆ ಪಕ್ಕ, ಮಣ್ಣಿಗೆ ಹೋಗುವ ಮನೆಯ ಮುಂದೆ, ಬಾಣಂತಿ ಇರುವ ಮನೆಯ ಹಿತ್ತಲಲ್ಲಿ ಹಾರಿಸಬೇಡಿ. ಇದಕ್ಕೆ ಕಾನೂನು ಬೇಕಾಗಿಲ್ಲ, ಅಲ್ವಾ?

ರೆಕ್ಕೆಯ ಗಾಳಿ ಇನ್ನೊಂದು. ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆ ಮೇಲೆಲ್ಲ ಶ್ಯಾವಿಗೆ, ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿ ಒಣಗಲು ಹಾಕಿರುತ್ತಾರೆ. ಮದುವೆ ವಿಡಿಯೋದವರು ಕೆಳಗೆ ಇಳಿಸಿದ ಡ್ರೋನಿನ ಗಾಳಿಗೆ ಒಂದು ಮನೆಯ ಶ್ಯಾವಿಗೆ ಪೂರ್ತಿ ಮಣ್ಣುಪಾಲಾಗಿದ್ದನ್ನು ನಾನು ನೋಡಿದ್ದೇನೆ. ಆ ತಾಯಿ ಬೈಯಲಿಲ್ಲ. ಮಣ್ಣಾಗಿದ್ದ ಎಳೆಗಳನ್ನು ಒಂದೊಂದೇ ಎತ್ತಿ ಬುಟ್ಟಿಗೆ ಹಾಕುತ್ತಾ ಕೂತಿದ್ದರು. ಎಷ್ಟು ದಿನದ ಕೆಲಸ ಅದು! ಮಾಳಿಗೆ ಮೇಲೆ ಏನಿದೆ ಅಂತ ನೋಡದೆ ಓಣಿಯಲ್ಲಿ ಕೆಳಗೆ ಹಾರಿಸಬಾರದು. ಹಾಳಾದರೆ ಅಲ್ಲೇ ನಿಂತು ಕ್ಷಮೆ ಕೇಳಿ, ದುಡ್ಡು ಕೊಡಿ. ಬೇಸಿಗೆಯ ರಾತ್ರಿ, ನಸುಕಿನಲ್ಲಿ ಜನ ಮಾಳಿಗೆ ಮೇಲೇ ಮಲಗಿರುತ್ತಾರೆ, ಅದೂ ನೆನಪಿರಲಿ.

ಮಕ್ಕಳು ಬಂದೇ ಬರುತ್ತಾರೆ

ಓಡಿಸಿದರೆ ಹೋಗಲ್ಲ, ಗಿಡದ ಹಿಂದೆ ಅವಿತು ಇನ್ನೂ ಹತ್ತಿರ ಬರುತ್ತಾರೆ. ಅದಕ್ಕಿಂತ ಅವರಿಗೆ ಒಂದು ಜಾಗ ಕೊಡಿ. ಡ್ರೋನ್ ಏಳುವ ಜಾಗದಿಂದ ಒಂದು ಮೂವತ್ತು ಹೆಜ್ಜೆ ದೂರ, ಗಾಳಿ ಬರುವ ದಿಕ್ಕಿಗೆ, ಅಂದರೆ ಎಣ್ಣೆ ಹಾರದ ಕಡೆ ಸುಣ್ಣದಿಂದ ಗೆರೆ ಎಳೆದು, "ಈ ಗೆರಿ ದಾಟಬ್ಯಾಡ್ರಿ, ಇಲ್ಲಿಂದ ಎಲ್ಲಾ ಕಾಣತೈತಿ" ಅನ್ನಿ. ಅವರಲ್ಲೇ ದೊಡ್ಡವನೊಬ್ಬನಿಗೆ ಕಾವಲು ಕೊಡಿ. ಜವಾಬ್ದಾರಿ ಕೊಟ್ಟ ಹುಡುಗ ಯಾರನ್ನೂ ದಾಟಲು ಬಿಡಲ್ಲ.

ಸಣ್ಣ ಕ್ಯಾಮೆರಾ ಡ್ರೋನ್‌ಗಳಲ್ಲಿ ಕೆಲವು ಅಂಗೈ ಸನ್ನೆಗೆ ಓಗೊಡುತ್ತವೆ, ಕೈ ತೋರಿಸಿದರೆ ಅತ್ತ ಸರಿಯುತ್ತವೆ, ಅಂಗೈ ಮೇಲೆ ಇಳಿಯುತ್ತವೆ. ಜಮಖಂಡಿ ಕಡೆ ಒಂದು ಶಾಲೆಯ ಮೈದಾನದಲ್ಲಿ ಇಂಥದ್ದನ್ನು ಮಕ್ಕಳಿಗೆ ತೋರಿಸಿದ್ದೆ. ಐದನೇ ಕ್ಲಾಸಿನ ಒಬ್ಬ ಹುಡುಗಿ ಕೈ ಚಾಚಿದಳು, ಡ್ರೋನ್ ಹತ್ತಿರ ಬಂತು, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅದೂ ಹಿಂದೆ ಸರಿದು ನಿಂತಿತು. ಅವಳು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಕೈ ಚಾಚಿದಳು, ಈ ಸಲ ಎಳೆದುಕೊಳ್ಳಲಿಲ್ಲ. ನಾನು ಬೇಡ ಅಂದರೆ ಇದು ನಿಲ್ಲುತ್ತದೆ ಅಂತ ಅವಳಿಗೆ ಗೊತ್ತಾಗಿತ್ತು. ಈ ಮಾತನ್ನು ಬಿಡಿಸಿ ಹೇಳಬೇಕು: ಯಾರ ಹತ್ತಿರಕ್ಕಾದರೂ ಡ್ರೋನ್ ಕಳಿಸುವಾಗ ಅವರು ಕರೆದ ಮೇಲೆ ಕಳಿಸಿ. ನಿಧಾನ ಕಳಿಸಿ, ಎದುರಿಗೆ ಕಾಣುವಂತೆ ಕಳಿಸಿ, ಬೆನ್ನ ಹಿಂದಿನಿಂದ ಯಾವತ್ತೂ ಬೇಡ. ಅವರು ಒಂದು ಹೆಜ್ಜೆ ಹಿಂದೆ ಸರಿದರೆ ನೀವು ಎರಡು ಹೆಜ್ಜೆ ಹಿಂದೆ ತನ್ನಿ. ದೊಡ್ಡವರಿಗೂ ಇದೇ ನಿಯಮ. ಎಣ್ಣೆ ಹೊಡೆಯೋ ದೊಡ್ಡ ಡ್ರೋನನ್ನು ಮಾತ್ರ ಯಾರು ಕರೆದರೂ ಹತ್ತಿರಕ್ಕೆ ತರಬಾರದು, ಅದರ ರೆಕ್ಕೆ ಕೈ ಕತ್ತರಿಸುವಷ್ಟು ಜೋರು.

ಎತ್ತು, ನಾಯಿ, ಹದ್ದು

ಕಿಲಾರಿ ಎತ್ತು ಮೊದಲೇ ಬೆದರುವ ಜಾತಿ. ಗಳೆ ಹೂಡಿದ ಎತ್ತು ಬೆದರಿ ಓಡಿದರೆ ಹಿಂದಿರುವವನ ಕಾಲಿಗೆ ಕುಂಟೆ ತಾಗುತ್ತದೆ. ಪಕ್ಕದಲ್ಲಿ ಗಳೆ ನಡೆದಿದ್ದರೆ ಹೋಗಿ ಕೇಳಿ, ಎತ್ತು ಬಿಡುವವರೆಗೆ ಕಾಯಿರಿ. ಕಾರಹುಣ್ಣಿಮೆ ದಿನ ಎತ್ತು ಓಡಿಸುವ ಕಡೆ ಚಂದದ ವಿಡಿಯೋ ಆಸೆಗೆ ಕೆಳಗೆ ಇಳಿಸಬೇಡಿ. ಮುಧೋಳ ನಾಯಿ ಕಣ್ಣಲ್ಲೇ ಬೇಟೆ ಹಿಡಿಯುವ ತಳಿ, ಸರಿದಾಡುವ ವಸ್ತು ಕಂಡರೆ ಬೆನ್ನು ಹತ್ತುತ್ತದೆ. ಇಳಿಸುವ ಮುಂಚೆ ಕಟ್ಟಿಹಾಕಲು ಹೇಳಿ. ಮರಿ ಇರುವ ಹದ್ದು ಡ್ರೋನ್ ಮೇಲೆ ಎರಗುತ್ತದೆ. ಕ್ಯಾನ್‌ಬೆರಾದಲ್ಲೂ 2021ರಲ್ಲಿ ಗೂಡು ಕಟ್ಟಿದ್ದ ಕಾಡುಕಾಗೆಗಳು ಡ್ರೋನ್ ಮೇಲೆ ಎರಗಿ, ಒಂದು ಬಡಾವಣೆಯಲ್ಲಿ ಕೆಲವು ದಿನ ಸೇವೆಯನ್ನೇ ನಿಲ್ಲಿಸಬೇಕಾಯಿತು. ಹದ್ದು ಸುತ್ತತೊಡಗಿದರೆ ಇಳಿಸಿಬಿಡಿ, ಅದರ ಜೊತೆ ಪಂದ್ಯ ಬೇಡ.

ಯಾರಾದರೂ ಸಿಟ್ಟಾಗಿ ಬಂದರೆ

ಮೊದಲು ಡ್ರೋನ್ ಇಳಿಸಿ. ಅದು ಮೇಲೆ ಗುಂಯ್ ಅನ್ನುತ್ತಿರುವಾಗ ನೀವು ಹೇಳುವ ಯಾವ ಮಾತೂ ಅವರಿಗೆ ಕೇಳಲ್ಲ. ಇಳಿಸಿ, ಬ್ಯಾಟರಿ ತೆಗೆದು, ರಿಮೋಟ್ ಕೆಳಗಿಟ್ಟು ಆಮೇಲೆ ಮಾತಾಡಿ. "ನಂದು ಪರ್ಮಿಷನ್ ಐತಿ" ಅಂತ ಶುರು ಮಾಡಬೇಡಿ. "ಏನಾತ್ರೀ ಯಜಮಾನ್ರ, ಹೇಳ್ರಿ" ಅಂತ ಕೇಳಿ. ಫೋಟೋ ತೆಗೆದಿದ್ದೀರಿ ಅನ್ನೋದು ಅವರ ದೂರಾದರೆ ಮೆಮೊರಿಯಲ್ಲಿರುವುದನ್ನು ಅವರ ಕಣ್ಣೆದುರೇ ತೆಗೆದು ತೋರಿಸಿ, ಅವರ ಮನೆಯವರು ಬಂದಿದ್ದರೆ ಅಲ್ಲೇ ಅಳಿಸಿ. ಹೆಣ್ಣುಮಕ್ಕಳ ಖಾಸಗಿ ಕ್ಷಣ ಕದ್ದು ನೋಡೋದು, ಚಿತ್ರ ತೆಗೆಯೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿ ಅಪರಾಧ. ಅವರು ಪೊಲೀಸರಿಗೆ ಹೇಳುತ್ತೇವೆ ಅಂದರೆ ಅದು ಅವರ ಹಕ್ಕು, ತಡೆಯಬೇಡಿ.

ರಾತ್ರಿ ಹಾರಿಸಲೇಬೇಡಿ. 2025ರಲ್ಲಿ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಕಳ್ಳರು ಡ್ರೋನ್ ಬಿಟ್ಟು ಮನೆ ನೋಡಿಕೊಂಡು ಹೋಗುತ್ತಾರೆ ಅನ್ನುವ ಸುದ್ದಿ ಹಬ್ಬಿ, ಊರವರು ರಾತ್ರಿಯೆಲ್ಲಾ ಕೋಲು ಹಿಡಿದು ಕಾದರು, ಏನೂ ಮಾಡದ ದಾರಿಹೋಕರು ಏಟು ತಿಂದರು. ಒಂದು ದೀಪ ಆಕಾಶದಲ್ಲಿ ಕಂಡರೆ ಸಾಕು, ಮೊಬೈಲ್‌ನಲ್ಲಿ ಅದು ಹತ್ತಾಗುತ್ತದೆ. ನಿಮ್ಮ ಏರಿಯಾದ ಠಾಣೆಗೆ ಹಗಲಿನ ಕೆಲಸದ ವಿಷಯವೂ ಒಂದು ಚೀಟಿ ಬರೆದು ಕೊಟ್ಟಿರಿ. ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಅಲ್ಲಿಂದ ಉತ್ತರ ಸಿಗುತ್ತದೆ.

ಮುಗಿದ ಮೇಲೆ

ಕೆಲಸ ಮುಗಿದ ತಕ್ಷಣ ಗಾಡಿ ಹತ್ತಿ ಹೋಗಬೇಡಿ. ಬ್ಯಾಟರಿ ತೆಗೆದ ಡ್ರೋನನ್ನು ಎಣ್ಣೆ ತೊಳೆದು ಚಾಪೆ ಮೇಲೆ ಇಡಿ, ನೋಡಲು ಬಂದವರಿಗೆ ರೆಕ್ಕೆ ತಿರುಗಿಸಿ ತೋರಿಸಿ. ಯಾರು ಬೇಕಾದರೂ ಮುಟ್ಟಲಿ. ನಿಮ್ಮ ಫೋನ್ ನಂಬರನ್ನು ಹೊಲದ ಮಾಲೀಕರಿಗೆ ಮಾತ್ರ ಅಲ್ಲ, ಸುತ್ತಲಿನ ನಾಲ್ಕೂ ಹೊಲದವರಿಗೆ ಕೊಡಿ.

ಆಮೇಲೆ ಒಂದು ನಾಲ್ಕೈದು ದಿನ ಬಿಟ್ಟು ತಿರುಗಿ ಹೋಗಿ ಬನ್ನಿ. ಕಬ್ಬಿಗೆ ಹೊಡೆದ ಟೂ ಫೋರ್ ಡಿ ಕಳೆನಾಶಕ ಗಾಳಿಗೆ ಹಾರಿ ಪಕ್ಕದ ದ್ರಾಕ್ಷಿಗೋ ಹತ್ತಿಗೋ ತಾಗಿದರೆ ಎಲೆ ಮುದುಡಿಕೊಳ್ಳುತ್ತದೆ. ಜಮಖಂಡಿ, ತಿಕೋಟಾ ಕಡೆ ದ್ರಾಕ್ಷಿ ತೋಟದ ಪಕ್ಕ ಕೆಲಸ ಮಾಡುವವರು ಇದನ್ನು ಮರೆಯಲೇಬಾರದು. ಪಕ್ಕದ ಹೊಲದವರನ್ನೇ ಕರೆದುಕೊಂಡು ಬದುವಿನಗುಂಟ ನಡೆಯಿರಿ, ಎಲೆ ಮಗುಚಿ ನೋಡಿ. ಕಲೆ ಕಂಡರೆ ಅವರು ಹೇಳುವ ಮುಂಚೆ ನೀವೇ ಹೇಳಿ, ಪರಿಹಾರದ ಮಾತು ಅಲ್ಲೇ ಮುಗಿಸಿ. ಏನೂ ಇಲ್ಲದಿದ್ದರೆ ಅದನ್ನೂ ಹೇಳಿ, ಮುಂದಿನ ಸಲ ಯಾವ ವಾರ ಬರುತ್ತೀರಿ ಅಂತ ತಿಳಿಸಿ ಹೊರಡಿ.